ಬನ್ನಿ, ಕೂತ್ಕೊಳ್ಳಿ

"ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ಕೆಲಸವಿಲ್ಲ" ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೇಳಿದ್ದು ಹಾಗಲ್ಲ ಎಂದು ತಕರಾರು ತೆಗೆಯುವವರು ಕತೆ ಮುಗಿಯುವ ತನಕ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಹಿರಿಯರು ಲಾಂಡ್ರಿಯಲ್ಲಿ ಕೆಲಸ ಮಾಡಿದವರಲ್ಲ. ಇದು ನಡೆದದ್ದು ಲಾಂಡ್ರಿಯಲ್ಲಿ. ಇದರಲ್ಲಿ ನೂಲಿನೆಳೆಯಷ್ಟೂ ಸುಳ್ಳಿಲ್ಲ. ಎಲ್ಲೋ ಒಂದಿಷ್ಟು ಅಂಟಿಕೊಂಡಿದ್ದರೂ ಒಗೆದು, ಒಣಗಿಸಿ, ಇಸ್ತ್ರಿ ಹಾಕಿಯೇ ಕೊಡಲಾಗಿದೆ.

ಲಾಂಡ್ರಿಯೆಂದರೆ ಬೀದಿ ಮೂಲೆಯದಲ್ಲ. ಹೋಟೆಲು ಆಸ್ಪತ್ರೆಗಳ ಚಾದರ, ಟವೆಲು, ಮೇಜಿನ ಬಟ್ಟೆಗಳು ಬೆಟ್ಟ ಬೆಟ್ಟವಾಗಿ ಬಂದು ಬೀಳುವ ಕಾರ್ಖಾನೆ. ಆನೆ ಹೊಟ್ಟೆಯಂಥ ಡ್ರಮ್ಮುಗಳು ಹಗಲೆಲ್ಲ ಅಜೀರ್ಣವಾದಂತೆ ಗುಡುಗುಡು ಎನ್ನುತ್ತಿದ್ದವು. ಅಲ್ಲಿ ಮೇಲ್ವಿಚಾರಕನಾಗಿ ಬಂದು ಒಂದು ತಿಂಗಳಾಗುತ್ತಿದ್ದ ನಮ್ಮ ನಾಯಕನನ್ನು ಎಲ್ಲರೂ ಬೆನ್ನ ಹಿಂದೆ 'ಹತ್ತಿ' ಎಂದು ಕರೆಯುತ್ತಿದ್ದರು. ದನಿ ಅಷ್ಟು ಮೆತ್ತಗೆ. ಅವನು "ಬೆಂಕಿ ಬಿದ್ದಿದೆ!" ಎಂದು ಕೂಗಿದರೂ ಕೇಳಿದವರು "ಹೌದಾ, ಪಾಪ" ಎಂದು ತಮ್ಮ ಪಾಡಿಗೆ ಕೆಲಸ ಮುಂದುವರಿಸಬೇಕು, ಹಾಗೆ.

ಹತ್ತಿ ಮೊದಲು ಇದೇ ಲಾಂಡ್ರಿಯ ಪೇಟೆ ಕೌಂಟರಿನಲ್ಲಿ ಕೂತು, ಗಿರಾಕಿಗಳಿಂದ ಬಟ್ಟೆ ತೆಗೆದುಕೊಂಡು ಚೀಟಿ ಕೊಡುತ್ತಿದ್ದವನು. ಗಿರಾಕಿಗಳ ಎದುರಿಗೇ ಮೇಲಿನವರಿಂದ "ಲೋ, ಎಲ್ಲೋ ಸತ್ತೆ?" ಎಂದು ಕರೆಸಿಕೊಂಡು ಬೆಳೆದವನು. ಎಂದಾದರೂ ನಾಲ್ಕು ಜನರ ಮೇಲೆ ಕೂರುವ ಯೋಗ ಬಂದರೆ ಯಾರನ್ನೂ 'ಲೋ' ಎನ್ನುವುದಿಲ್ಲ ಎಂದು ಆಗಲೇ ಶಪಥ ಮಾಡಿದ್ದ. ಹಳೆಯ ಮೇಲ್ವಿಚಾರಕ 'ಗುಡುಗು' ಒಂದು ದಿನ ಇದ್ದಕ್ಕಿದ್ದಂತೆ ಮನೆಗೆ ಹೋದದ್ದೇ, ಯೋಗ ಬಂತು.

ಮಾಲೀಕರಾದ ಅಮ್ಮಾವ್ರು ಅವನನ್ನು ಕರೆದು ಹೇಳಿದ್ದರು: "ನೋಡೋ, ಒಂದು ತಿಂಗಳು ನೋಡ್ತೀನಿ. ಕೊನೇ ದಿನ ದೊಡ್ಡ ಹೋಟೆಲಿನ ಆರ್ಡರು. ಐದು ಗಂಟೆಗೆ ವ್ಯಾನು ಗೇಟು ದಾಟಬೇಕು. ಅವರ ಮ್ಯಾನೇಜರನ್ನ ನಾನೇ ಕರ್ಕೊಂಡು ಬರ್ತೀನಿ. ಬಟ್ಟೆ ಬೆಳ್ಳಗಿರಬೇಕು, ಮಾತು ತಣ್ಣಗಿರಬೇಕು. ಎರಡೂ ಆದ್ರೆ ಆ ಜಾಗ ನಿಂದು. ಇಲ್ಲಾಂದ್ರೆ ನಿನ್ನ ಕೌಂಟರು ಎಲ್ಲಿಗೂ ಓಡಿಹೋಗಲ್ಲ."

ಅಮ್ಮಾವ್ರಿಗೆ ಎಲ್ಲರೂ 'ನೀನು'. ಬಾಯ್ಲರು ಬಿಚ್ಚುವ ಇಂಜಿನಿಯರನ್ನೂ ಅವರು "ಬಾರೋ ಮಗಾ" ಎಂದೇ ಕರೆಯುತ್ತಿದ್ದುದು.

ಆ ಕೊನೆಯ ದಿನವೇ ಈ ದಿನ.

ಹತ್ತಿಗೆ ಹಿಂದಿನ ದಿನವಷ್ಟೇ ಒಂದು ತರಬೇತಿಯಾಗಿತ್ತು. ಟೈ ಕಟ್ಟಿದವನೊಬ್ಬ, ಜನರಿಂದ ಕೆಲಸ ತೆಗೆಯುವುದಕ್ಕೆ ನಾಲ್ಕು ಮೆಟ್ಟಿಲು ಎಂದು ಹೇಳಿಕೊಟ್ಟಿದ್ದ. ಮೊದಲು ಕೂರಿಸಿ. ಆಮೇಲೆ ಮೆಚ್ಚಿ. ಆಮೇಲೆ ಮನೆಮಂದಿಯ ಕ್ಷೇಮ ವಿಚಾರಿಸಿ. ಕೊನೆಗೆ ಕೆಲಸ ಹೇಳಿ. ನಡುವೆ ಒಂದು ಟೀ ಕೊಟ್ಟರಂತೂ ಬಂಗಾರಕ್ಕೆ ಪರಿಮಳ.

"ರೀ, ಇವತ್ತಾದ್ರೂ ಸ್ವಲ್ಪ ಗಂಟಲು ಬಿಡಿ," ಎಂದಳು ಹೆಂಡತಿ, ಬೆಳಿಗ್ಗೆ. "ನಾನು ಬೀದಿಗೆಲ್ಲ ಹೇಳಿಬಿಟ್ಟಿದ್ದೀನಿ, ನಮ್ಮನೆಯವರು ಇನ್ಮೇಲೆ ಸಾಹೇಬರು ಅಂತ."

"ಗಂಟಲು ಬೇಡ ಕಣೇ. ಗೌರವ ಸಾಕು. ಬೇಕಾದ್ರೆ ನೋಡು." ಹತ್ತಿ ಕುರ್ಚಿ ಎಳೆದ. "ಬಾ, ಕೂತ್ಕೋ. ನಿನ್ನಂಥ ಹೆಂಡತಿ ಸಿಗೋದು ಪುಣ್ಯ. ನಿನ್ನ ಸೊಂಟನೋವು ಹೇಗಿದೆ?"

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೆಲ್ಲಗೆ ಕೇಳಿದಳು: "ನಿಜ ಹೇಳಿ. ಏನು ಕಳ್ಕೊಂಡು ಬಂದ್ರಿ?"

ಅಲ್ಲಿಗೇ ಹುಷಾರಾಗಬೇಕಿತ್ತು. ಆದರೆ ವಿನಾಶಕಾಲಕ್ಕೆ ವಿಪರೀತ ಬುದ್ಧಿ ಬರುವ ಹಾಗೆ, ಪರೀಕ್ಷಾಕಾಲಕ್ಕೆ ವಿಪರೀತ ಧೈರ್ಯ ಬರುತ್ತದೆ.

ಕಾರ್ಖಾನೆಗೆ ಹೋದವನೇ ತನ್ನ ಗಾಜಿನ ಕೋಣೆಯ ಕುರ್ಚಿಯನ್ನು ಒರೆಸಿ, ಬಾಗಿಲ ಬಳಿ ಇಟ್ಟು, ಮೊದಲು ಇಸ್ತ್ರಿ ತಾತನನ್ನು ಕರೆದ. ಬಿಸಿ ಉರುಳೆಗಳ ದೊಡ್ಡ ಇಸ್ತ್ರಿ ಯಂತ್ರ ತಾತನ ವಶದಲ್ಲಿತ್ತು. ತಾತ ಕೈ ಇಟ್ಟರೆ ಚಾದರ ಮಾತು ಕೇಳುತ್ತಿತ್ತು, ಬೇರೆಯವರು ಇಟ್ಟರೆ ಮುಖ ಗಂಟಿಕ್ಕುತ್ತಿತ್ತು.

"ತಾತ, ಬನ್ನಿ. ಕೂತ್ಕೊಳ್ಳಿ."

ತಾತ ಕುರ್ಚಿಯನ್ನು ನೋಡಿದ. ಕುರ್ಚಿ ತಾತನನ್ನು ನೋಡಿತು.

"ನಾನಾ?"

"ನೀವೇ. ಬನ್ನಿ."

ತಾತ ದಂತವೈದ್ಯರ ಕುರ್ಚಿಯಲ್ಲಿ ಕೂರುವಂತೆ ಅಂಚಿನಲ್ಲಿ ಕೂತ. ಹತ್ತಿ ಎರಡನೇ ಮೆಟ್ಟಿಲು ಹತ್ತಿದ: "ನೀವು ಇಸ್ತ್ರಿ ಮಾಡಿದ ಚಾದರದ ಮೇಲೆ ಮಲಗೋಕೆ ಮನಸ್ಸು ಬರಲ್ಲ ತಾತ, ಕೈ ಮುಗಿಯೋಕೆ ಮನಸ್ಸು ಬರುತ್ತೆ. ಟೀ ತಗೊಳ್ಳಿ." ತಾತ ಲೋಟ ತೆಗೆದುಕೊಂಡು, ಕುಡಿಯದೆ ಹಾಗೇ ಹಿಡಿದ. ಹತ್ತಿ ಮೂರನೆಯದಕ್ಕೆ ಕಾಲಿಟ್ಟ: "ಮನೇಲಿ ಅಜ್ಜಿ ಹೇಗಿದ್ದಾರೆ? ಮಂಡಿನೋವು ಅಂತಿದ್ರಲ್ಲ?"

ತಾತ ಲೋಟವನ್ನು ಕೆಳಗಿಟ್ಟ. "ಅವಳಿಗೆ ನೀವು ಹೇಳ್ತೀರಾ, ನಾನೇ ಹೇಳ್ಲಾ?" ಎಂದ.

"ಏನನ್ನ ತಾತ?"

"ಬೇಡ ಬಿಡಿ. ನಾನೇ ಹೇಳ್ತೀನಿ. ಅವಳಿಗೆ ನಿಧಾನಕ್ಕೆ ಹೇಳ್ಬೇಕು."

ತಾತ ಎದ್ದ. ಏಪ್ರನ್ ಬಿಚ್ಚಿ, ಒಂದು ಸುಕ್ಕೂ ಇಲ್ಲದಂತೆ ಮಡಚಿ ಮೇಜಿನ ಮೇಲಿಟ್ಟ. ತನ್ನ ಯಂತ್ರದ ಬಳಿ ಹೋಗಿ, ಮದುವೆಯಾಗಿ ಹೊರಟ ಮಗಳ ತಲೆ ಸವರುವಂತೆ ಉರುಳೆಯನ್ನು ಸವರಿದ. ಕೈ ಸುಟ್ಟಿತು. ಅದಕ್ಕೋ ಇನ್ನೊಂದಕ್ಕೋ, ಕಣ್ಣಲ್ಲಿ ನೀರು ಬಂತು.

'ಮೆಚ್ಚುಗೆಯ ಮಾತು ಮನುಷ್ಯನನ್ನು ಎಷ್ಟು ಕರಗಿಸುತ್ತದೆ!' ಎಂದುಕೊಂಡ ಹತ್ತಿ. ಕೆಲಸ ಹೇಳುವ ನಾಲ್ಕನೇ ಮೆಟ್ಟಿಲು ಉಳಿದೇಹೋಯಿತು ಎಂಬುದು ಹೊಳೆಯುವಷ್ಟರಲ್ಲಿ ಅವನು ಮಡಿಕೆ ಅಕ್ಕನನ್ನು ಕರೆದಾಗಿತ್ತು.

ಮಡಿಕೆ ಅಕ್ಕ ಬಟ್ಟೆ ಮಡಚುವ ಮೇಜಿನ ಮುಖ್ಯಸ್ಥೆ. ಚಾದರವನ್ನು ಒಮ್ಮೆ ಕೊಡವಿದರೆ ಅದು ಅಂಗೈಯಗಲಕ್ಕೆ ಬರಬೇಕು, ಅಂಥ ಕೈ. ಬಾಯಿ ಮಾತ್ರ ಮಡಚಿದ ದಾಖಲೆಯಿಲ್ಲ.

"ಅಕ್ಕಾ, ಬನ್ನಿ."

"ಬನ್ನೀನಾ?" ಅಕ್ಕ ಅಲ್ಲೇ ನಿಂತಳು. "ನಿನ್ನೆ ತನಕ 'ಬಾಕ್ಕಾ' ಇದ್ದದ್ದು ಇವತ್ತು 'ಬನ್ನಿ' ಯಾಕಾಯ್ತು? ನಾನೇನು ತಪ್ಪು ಮಾಡಿದೆ?"

"ತಪ್ಪಾ? ನಿಮ್ಮಂಥೋರು ಸಿಗೋದೇ ಕಷ್ಟ ಅಕ್ಕಾ! ಕೂತ್ಕೊಳ್ಳಿ. ಮಕ್ಕಳೆಲ್ಲ ಚೆನ್ನಾಗಿ ಓದ್ತಿದ್ದಾರಾ?"

ಅಕ್ಕನ ಬಾಯಿಂದ ಹೊರಟ ಸದ್ದಿಗೆ ಬಾಯ್ಲರಿನ ಸೀಟಿಯೂ ನಾಚಬೇಕು. "ಅಯ್ಯೋ ಮಕ್ಕಳೇ! ಓದು ನಿಂತ್ಹೋಯ್ತಲ್ರೋ!" ಎಂದು ಎದೆ ಬಡಿದುಕೊಂಡು ಮೇಜಿಗೆ ಮರಳಿದಳು. ಮಡಚುತ್ತಿದ್ದ ಕೈಗಳೆಲ್ಲ ಅರ್ಧದಲ್ಲೇ ನಿಂತವು. ಒಬ್ಬಳು ಅವಳಿಗೆ ಕಣ್ಣೊರೆಸಲು ಹೋಟೆಲಿನ ಹೊಸ ಟವೆಲನ್ನೇ ಕೊಟ್ಟಳು. ಅಲ್ಲಿಂದ ಒಂದು ಪಿಸುಮಾತು ಹೊರಟು ಡ್ರಮ್ಮಿಂದ ಡ್ರಮ್ಮಿಗೆ ಹಾರಿತು: "ಕುರ್ಚಿ ಶುರುವಾಯ್ತು. ಕುರ್ಚಿ ಶುರುವಾಯ್ತಂತೆ."

ಹತ್ತಿಯ ಕಿವಿಗೂ ಅದು ಬಿತ್ತು. ಅರ್ಥವಾಗಲಿಲ್ಲ. ಬಹುಶಃ ಜನ ದೂರದಿಂದ ಬಂದು ಕೂರಲು ಸಂಕೋಚಪಡುತ್ತಿದ್ದಾರೆ, ನಾಯಕನಾದವನು ತಾನೇ ಅವರ ಬಳಿ ಹೋಗಬೇಕು ಎಂದು ಟೈ ಕಟ್ಟಿದವನು ಹೇಳಿದ್ದು ನೆನಪಾಯಿತು. ಕುರ್ಚಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಟೀ ಹಿಡಿದು ಹೊರಟ.

ಚೂರಿ ಹಿಡಿದು ಬಂದಿದ್ದರೂ ಜನ ಹಾಗೆ ಚದುರುತ್ತಿರಲಿಲ್ಲ. ಗಾಡಿ ತಳ್ಳುವವರು ಗಾಡಿಯೊಳಗೇ ಕೂತು ಮೇಲೆ ಚಾದರ ಎಳೆದುಕೊಂಡರು. ಡ್ರಮ್ಮಿನವರು ಡ್ರಮ್ಮಿನ ಹಿಂದೆ ಹೋದರು. ಹತ್ತಿ ಹೋದಲ್ಲೆಲ್ಲ ಕೆಲಸ ಖಾಲಿ, ಜಾಗ ಖಾಲಿ.

"ಬಿಸ್ಕತ್ತೂ ಇದೆ!" ಎಂದು ಹತ್ತಿ ಆಸೆ ತೋರಿಸಿದ.

"ಅಯ್ಯಯ್ಯೋ, ಬಿಸ್ಕತ್ತೂ ಇದೆಯಂತೆ!" ಎಂದು ಗಾಡಿಯೊಳಗಿಂದ ಯಾರೋ ನರಳಿದರು.

ಕೊನೆಗೆ ಸಿಕ್ಕಿದವನು ಬಾಯ್ಲರ್ ಭಾವ. ಮಡಿಕೆ ಅಕ್ಕನ ಗಂಡನಾದ್ದರಿಂದ ಅವನು ಕಾರ್ಖಾನೆಗೆಲ್ಲ ಭಾವ. ಹೆಂಡತಿಯ ಗೋಳು ಅವನಿಗೆ ಆಗಲೇ ಕೇಳಿಸಿತ್ತು. ಹತ್ತಿ ಕುರ್ಚಿ ಇಳಿಸುವ ಮೊದಲೇ ಭಾವ ಗೋಡೆಗೆ ಬೆನ್ನು ಹಚ್ಚಿ ನಿಂತ.

"ಕೂರಲ್ಲ ಸಾರ್!"

"ಒಂದೇ ನಿಮಿಷ ಭಾವ..."

"ಆಗಲ್ಲ ಸಾರ್, ನಂಗೆ ಮೂಲವ್ಯಾಧಿ! ಡಾಕ್ಟರು ಕುರ್ಚಿ ಕಡೆ ನೋಡ್ಲೂಬಾರ್ದು ಅಂದಿದ್ದಾರೆ!"

"ಹಾಗಾದ್ರೆ ನಿಂತೇ ಟೀ..."

"ಟೀ ಕುಡಿದ್ರೆ ಇನ್ನೂ ಜಾಸ್ತಿ! ಸಾರ್, ಒಂದೇ ಮನೇಲಿ ಇಬ್ಬರನ್ನೂ ಒಂದೇ ದಿನಾನಾ? ನಿಮ್ಮ ಕರುಳು ಕಲ್ಲಾ?" ಎಂದವನೇ ಪಕ್ಕದ ಸಂದಿಯಿಂದ ನುಸುಳಿ, ಒಗೆಯಬೇಕಾದ ಟವೆಲುಗಳ ಬೆಟ್ಟದೊಳಗೆ ತಲೆ ತೂರಿಸಿ ಮಾಯವಾದ.

ಬಾಯ್ಲರನ್ನು ಕೇಳುವವರಿಲ್ಲದೆ ಹಬೆ ಇಳಿಯಿತು. ಹಬೆ ಇಳಿದದ್ದೇ ಇಸ್ತ್ರಿ ಉರುಳೆಗಳು ತಣ್ಣಗಾದವು. ಮಧ್ಯಾಹ್ನ ತಿರುಗುವ ಹೊತ್ತಿಗೆ ಹೋಟೆಲಿನ ಚಾದರಗಳು ಒದ್ದೆಯಾಗಿ, ಮುದ್ದೆಯಾಗಿ, ಗಾಡಿಗಳಲ್ಲಿ ಹಸಿದ ಮಕ್ಕಳಂತೆ ಬಾಯಿ ತೆರೆದುಕೊಂಡು ಕೂತಿದ್ದವು. ಕಾರ್ಖಾನೆಯಲ್ಲಿ ಕೇಳುತ್ತಿದ್ದುದು ಒಂದೇ ಸದ್ದು, ಮಡಿಕೆ ಅಕ್ಕನ ಬಿಕ್ಕು.

ಆಗ ಹೆಂಡತಿಯ ಫೋನು. "ರೀ, ಎದುರುಮನೆ ಅತ್ತಿಗೆ ಕೇಳ್ತಿದ್ದಾರೆ, ಇನ್ಮೇಲೆ ನಿಮ್ಮನ್ನ ಏನಂತ ಕರೀಬೇಕು ಅಂತ. ಸಾಹೇಬ್ರು ಅನ್ನೋದಾ, ಮ್ಯಾನೇಜ್ರು ಅನ್ನೋದಾ? ಐದೂವರೆಗೆ ಅವರೆಲ್ಲ ನಮ್ಮನೆಗೆ ಬರ್ತಿದ್ದಾರೆ, ನಿಮ್ಮನ್ನ ನೋಡೋಕೆ."

"ಸದ್ಯಕ್ಕೆ..." ಹತ್ತಿಯ ದನಿ ಇನ್ನಷ್ಟು ಇಳಿಯಿತು, "ಹೆಸರು ಹಿಡಿದೇ ಕರೀಲಿ."

"ಏನಂದ್ರಿ? ಕೇಳಿಸ್ಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿ ಸಾಹೇಬ್ರೇ!"

ಹತ್ತಿ ಫೋನಿಟ್ಟು, ಕುರ್ಚಿಯನ್ನು ಕೋಣೆಗೆ ವಾಪಸ್ಸು ಹೊತ್ತು ತಂದು, ಅದರಲ್ಲಿ ತಾನೇ ಕುಸಿದು ಕೂತ. ಎದುರಿಗೆ ಕಲೆಗಾರ ನಿಂತಿದ್ದ.

ಚಾದರಗಳ ಮೇಲಿನ ಕಲೆ ತೆಗೆಯುವುದು ಅವನ ಕೆಲಸ, ಹಾಗಾಗಿ ಕಲೆಗಾರ. ಅವನ ನಾಲಿಗೆಯಲ್ಲಿದ್ದ ಇನ್ನೊಂದು ಕಲೆ ಯಾವ ಸೋಪಿಗೂ ಹೋಗುವಂಥದಲ್ಲ. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಮರುದಿನ ಅದು ಅವನ ಜೇಬಿನಲ್ಲಿರುತ್ತಿತ್ತು. ಅಮ್ಮಾವ್ರ "ಬಾರೋ ಮಗಾ", ಬಾಯ್ಲರಿನ ಬುಸ್ಸು, ಅಕ್ಕ ಭಾವಂದಿರ ಇಡೀ ಜಗಳ, ಎರಡೂ ಪಕ್ಷದ ಪರವಾಗಿ, ಎಲ್ಲ ಬರುತ್ತಿತ್ತು.

"ಸಾರ್, ಒಂದು ಮಾತು. ಕೂತ್ಕೊಳ್ಳಿ ಅನ್ನಲ್ಲ ಅಂತ ಮಾತು ಕೊಟ್ರೆ ಹೇಳ್ತೀನಿ."

"ಹೇಳಿ... ಹೇಳು ಮಾರಾಯ."

"ಗುಡುಗು ಸಾಹೇಬ್ರು ದಿನಾ ನಮಗೆ ಬೈತಿದ್ರು ಸಾರ್. ಬೈದ್ರೆ ನಮಗೆ ನೆಮ್ಮದಿ. ಕತ್ತೆ ಅಂದ್ರೆ ನಾಳೆ ಕೆಲಸ ಇದೆ ಅಂತ. ಎಮ್ಮೆ ಅಂದ್ರೆ ಈ ವರ್ಷವೆಲ್ಲ ಚಿಂತೆಯಿಲ್ಲ ಅಂತ. ಆದರೆ ಯಾರನ್ನಾದರೂ ಕೆಲಸದಿಂದ ತೆಗೀಬೇಕಾದ್ರೆ ಮಾತ್ರ, ಈ ಕುರ್ಚೀನೇ ಹಾಕಿ, ಬನ್ನಿ ಕೂತ್ಕೊಳ್ಳಿ, ಟೀ ತಗೊಳ್ಳಿ, ನಿಮ್ಮಂಥೋರು ಸಿಗೋದು ಕಷ್ಟ, ಮನೇಲಿ ಎಲ್ಲಾ ಚೆನ್ನಾಗಿದ್ದಾರಾ ಅಂತಿದ್ರು. ಹಳಬರಾಗಿದ್ರೆ ಬಿಸ್ಕತ್ತು ಬೇರೆ. ಕಳಿಸೋವಾಗ ಮರ್ಯಾದೆಯಿಂದ ಕಳಿಸ್ಬೇಕು ಅಂತ ಅಮ್ಮಾವ್ರೇ ಕಲಿಸಿದ್ದಂತೆ. ಪಾಪ, ಅದೊಂದನ್ನು ಸರಿಯಾಗಿ ಕಲಿತಿದ್ರು."

ಹತ್ತಿಯ ಮುಖ ಒಗೆದ ಚಾದರಕ್ಕಿಂತ ಬೆಳ್ಳಗಾಯಿತು. ಬೆಳಗಿನಿಂದ ತಾನು ಹತ್ತಿದ ಒಂದೊಂದು ಮೆಟ್ಟಿಲೂ ಕಣ್ಣ ಮುಂದೆ ಬಂತು. "ಅಂದ್ರೆ ನಾನು... ತಾತನನ್ನ... ಅಯ್ಯೋ ದೇವರೇ!" ಎಂದು ಎದ್ದು, ಟೈ ಕಟ್ಟಿದವನ ನಾಲ್ಕು ಮೆಟ್ಟಿಲನ್ನೂ ಒಂದೇ ಉಸಿರಿಗೆ ಕಲೆಗಾರನಿಗೆ ಹೇಳಿದ. "ಈಗಲೇ ಹೋಗಿ, ದಯವಿಟ್ಟು ತಪ್ಪು ತಿಳೀಬೇಡಿ ಅಂತ..."

"ದಯವಿಟ್ಟು ಅಂದ್ರೋ, ಇರೋರೂ ಹೋಗ್ತಾರೆ! ಒಂದೇ ದಾರಿ ಸಾರ್. ಬೈಯಿರಿ."

"ನಾನಾ?"

"ನೀವೇ. ಎಲ್ಲಿ, ನನ್ನ ಮೇಲೆ ಒಂದು ಸಲ. 'ಲೋ' ಅಂತ ಶುರು ಮಾಡಿ."

ಹತ್ತಿ ಎದೆಯುಬ್ಬಿಸಿದ. ಕಣ್ಣು ಕೆಂಪು ಮಾಡಲು ನೋಡಿದ, ನೀರು ಬಂತು. ಯಾರನ್ನೂ 'ಲೋ' ಎನ್ನುವುದಿಲ್ಲ ಎಂಬ ಶಪಥ ಅಡ್ಡ ನಿಂತಿತ್ತು. "ಲೋ..." ಎಂದ. ಕಲೆಗಾರ ಹುರಿದುಂಬಿಸುತ್ತ ತಲೆಯಾಡಿಸಿದ. "ಲೋ... ಲೋಪ ಏನಾದ್ರೂ ಆಗಿದ್ರೆ ಕ್ಷಮಿಸಿ."

ಕಲೆಗಾರ ಹಣೆ ಚಚ್ಚಿಕೊಂಡ. ಆಮೇಲೆ ಕೋಣೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಮೈಕಿನ ಕಡೆ ನೋಡಿದ. ಗುಡುಗಿನ ಕಾಲದ ಮೈಕು ಅದು. ಅದಕ್ಕೆ ಎರಡು ಕಹಳೆ ಸ್ಪೀಕರುಗಳು, ಒಂದು ಕಾರ್ಖಾನೆಯೊಳಗೆ, ಇನ್ನೊಂದು ವ್ಯಾನಿನ ಡ್ರೈವರುಗಳನ್ನು ಕರೆಯಲು ಹೊರಗೆ ಗೇಟಿನ ಮೇಲೆ. ಹತ್ತಿ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ.

"ಸಾರ್, ನಿಮ್ಮ ಕುರ್ಚಿ, ನನ್ನ ಗಂಟಲು. ಆ ಡಬ್ಬದಲ್ಲಿ ಯಾರ ದನಿ ಅಂತ ಯಾರಿಗೆ ಗೊತ್ತಾಗುತ್ತೆ? ಹೂಂ ಅನ್ನಿ."

ಹತ್ತಿ ಗಡಿಯಾರ ನೋಡಿದ. ಒದ್ದೆ ಚಾದರಗಳನ್ನು ನೋಡಿದ. ಮನೆಯಲ್ಲಿ ಸಾಲಾಗಿ ಬಂದು ಕೂರಲಿರುವ ಎದುರುಮನೆಯವರನ್ನು ಮನಸ್ಸಿನಲ್ಲೇ ನೋಡಿದ. ಹೂಂ ಎನ್ನಲೂ ನಾಲಿಗೆ ಬರದೆ, ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡ.

ಕಲೆಗಾರ ಮೈಕಿನ ಗುಂಡಿ ಒತ್ತಿದ.

"ಲೋಓಓ ಬಾಯ್ಲರ್! ಬೆಂಕಿಗೆ ಜೋಗುಳ ಹಾಡಿ ಮಲಗಿಸಿದ್ದೀಯೇನೋ? ಟವೆಲೊಳಗಿಂದ ಎದ್ದು ಬರ್ತೀಯಾ, ನಿನ್ನನ್ನೂ ಸೇರಿಸಿ ಡ್ರಮ್ಮಿಗೆ ಹಾಕ್ಲಾ?"

ಟವೆಲಿನ ಬೆಟ್ಟ ಅಲುಗಾಡಿ, ಅದರೊಳಗಿಂದ ಭಾವನ ಮುಖ ಸೂರ್ಯನಂತೆ ಮೇಲೆದ್ದಿತು.

"ಬೈದ್ರು!" ಎಂದ ಅವನು, ನಂಬಲಾಗದೆ. "ಲೇ ಇವಳೇ, ನಂಗೆ ಬೈದ್ರು ಕಣೇ!"

"ಏಯ್ ಮಡಿಕೆ! ಅಳೋದು ಮನೇಲಿ ಅಳು! ಬಾಯಿ ಮಡಚು, ಬಟ್ಟೆ ಮಡಚು!"

"ನಂಗೂ ಬಿತ್ತು!" ಅಕ್ಕ ಹೋಟೆಲಿನ ಟವೆಲಿನಲ್ಲಿ ಕಣ್ಣು ಮೂಗು ಎರಡನ್ನೂ ಒರೆಸಿ ಎದ್ದಳು. ಮುಖ ಅರಳಿತ್ತು. "ದೇವರು ದೊಡ್ಡೋನು! ಎತ್ರೇ ಚಾದರಾನ!"

"ಓಯ್ ತಾತ! ಇಸ್ತ್ರಿ ಮಾಡು ಅಂದ್ರೆ ಯಂತ್ರವನ್ನ ತಬ್ಕೊಂಡು ನಿಂತಿದ್ದೀಯಲ್ಲಯ್ಯಾ, ಅಜ್ಜಿಗೆ ಹೇಳ್ಲಾ?"

ತಾತ ಓಡಿಬಂದು ಮೇಜಿನ ಮೇಲಿದ್ದ ಏಪ್ರನ್ನನ್ನು ಕಸಿದುಕೊಂಡು, ಕಟ್ಟಿಕೊಳ್ಳುತ್ತಲೇ ವಾಪಸ್ಸು ಓಡಿದ. ಆ ವಯಸ್ಸಿಗೆ ಅಂಥ ಓಟವನ್ನು ಯಾರೂ ನಿರೀಕ್ಷಿಸಿರಲಿಲ್ಲ, ತಾತನ ಮಂಡಿಗಳಂತೂ ಮೊದಲೇ ಇಲ್ಲ.

ಆಮೇಲೆ ನಡೆದದ್ದನ್ನು ಕೆಲಸ ಎಂದರೆ ಕಡಿಮೆಯಾಯಿತು. ಹಬೆ ಏರಿತು, ಡ್ರಮ್ಮುಗಳು ಸುತ್ತಿದವು. ಗಾಡಿಯೊಳಗೆ ಅಡಗಿದ್ದವರು ಇಳಿದು ಗಾಡಿ ತಳ್ಳಿದರು. ಬೈಗುಳ ಬಾರದವರು ಕೋಣೆಯ ಕಡೆ ಆಸೆಯಿಂದ ನೋಡುತ್ತಿದ್ದರು. ಕಲೆಗಾರ ಯಾರಿಗೂ ಮೋಸ ಮಾಡಲಿಲ್ಲ, ಒಬ್ಬೊಬ್ಬರನ್ನೂ ಹುಡುಕಿ ಹುಡುಕಿ ಹಂಚಿದ. ಅವನಿಗೆ ಹುರುಪು ಏರಿತ್ತು. ಹತ್ತಿ ಮಾತ್ರ ಮೇಜಿನ ಕೆಳಗೆ ತಲೆ ತಗ್ಗಿಸಿ ಕೂತು, ಪ್ರತಿ 'ಲೋ'ಗೂ ತನಗೇ ಬಿದ್ದಂತೆ ಬೆಚ್ಚುತ್ತ, ಬೈಸಿಕೊಂಡ ಒಬ್ಬೊಬ್ಬರಿಗೂ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದ.

ಐದಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಹಿಮದಂತೆ ಬೆಳ್ಳಗಿನ ಚಾದರಗಳನ್ನು ತುಂಬಿಕೊಂಡ ವ್ಯಾನು ಗೇಟು ದಾಟಿತು.

ಹತ್ತಿ ಮೇಜಿನ ಕೆಳಗಿನಿಂದ ಎದ್ದು ಗಾಜಿನಿಂದ ನೋಡಿದ. ಕಲೆಗಾರ ಆಗಲೇ ಹೊರಗೆ ಹೋಗಿ ಜನರ ನಡುವೆ ನಿಂತು ಕೈ ಬಾಯಿ ತಿರುಗಿಸುತ್ತಿದ್ದ. ಟೈ ಕಟ್ಟಿದವನ ನಾಲ್ಕು ಮೆಟ್ಟಿಲು, ಕುರ್ಚಿಯ ರಹಸ್ಯ, "ಲೋ ಲೋಪ", ಎಲ್ಲವನ್ನೂ ಹತ್ತಿಯ ದನಿಯಲ್ಲೇ ಅಭಿನಯಿಸಿ ತೋರಿಸುತ್ತಿದ್ದ. ಮೊದಲು ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತಾತ ಒಬ್ಬನೇ ಮೊದಲು ಕೋಣೆಗೆ ಬಂದ. ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಸಾರ್, ಬೆಳಿಗ್ಗೆ ಅಜ್ಜಿ ಮಂಡಿನೋವು ಕೇಳಿದ್ರಲ್ಲ, ನಿಜವಾಗ್ಲೂ ಕೇಳಿದ್ದಾ?"

"ನಿಜವಾಗ್ಲೂ ತಾತ."

"ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ. ಸ್ವಲ್ಪ ವಾಸಿ ಸಾರ್." ತಾತ ಇನ್ನೇನೋ ಹೇಳುವವನಿದ್ದ. ಅಷ್ಟರಲ್ಲಿ ಹಿಂದಿನಿಂದ ಎಲ್ಲರೂ ಒಟ್ಟಿಗೆ ನುಗ್ಗಿದರು. ಯಾರ ಮುಖದಲ್ಲೂ ನಗುವಿಲ್ಲ. ಭಾವ ಕುರ್ಚಿಯನ್ನು ಎತ್ತಿ ತಂದು ಹತ್ತಿಯ ಎದುರಿಗಿಟ್ಟ. ಅಕ್ಕ ಸೆರಗಿನಿಂದ ಅದನ್ನು ಒರೆಸಿದಳು. ಕಲೆಗಾರ ಅಮ್ಮಾವ್ರ ದನಿಯಲ್ಲಿ, ಗಂಭೀರವಾಗಿ, ಹೇಳಿದ:

"ಬನ್ನಿ ಸಾರ್. ಕೂತ್ಕೊಳ್ಳಿ."

ಹತ್ತಿಯ ಕಾಲು ಹತ್ತಿಯಾಯಿತು.

"ಟೀ ತಗೊಳ್ಳಿ," ಎಂದಳು ಅಕ್ಕ.

"ನಿಮ್ಮಂಥೋರು ಸಿಗೋದು ಕಷ್ಟ," ಎಂದ ಭಾವ, ಗೋಡೆ ನೋಡುತ್ತ.

"ಅಮ್ಮಾವ್ರು ಫೋನು ಮಾಡಿದ್ರಾ?" ಹತ್ತಿ ತೊದಲಿದ. "ನನ್ನ ಬಗ್ಗೆ ಏನಾದ್ರೂ... ವ್ಯಾನು ಹೋಯ್ತಲ್ಲ?"

"ಮನೇಲಿ ಎಲ್ರೂ ಚೆನ್ನಾಗಿದ್ದಾರಾ ಸಾರ್?" ಎಂದ ತಾತ, ಬಹಳ ಮೃದುವಾಗಿ, ಒಂದು ಬಿಸ್ಕತ್ತು ಮುಂದೆ ಹಿಡಿದು.

ಬಿಸ್ಕತ್ತು ನೋಡಿದ್ದೇ ಹತ್ತಿಯ ಜೀವ ಹಾರಿತು. ಎದೆಯ ಮೇಲಿನ ಗುರುತಿನ ಚೀಟಿಯನ್ನು ಬಿಚ್ಚಿ, ತಾತ ಏಪ್ರನ್ ಇಟ್ಟಂತೆಯೇ ಮೇಜಿನ ಮೇಲಿಟ್ಟು, "ಅವಳಿಗೆ ನಾನೇ ಹೇಳ್ತೀನಿ," ಎಂದ.

ಅಷ್ಟು ಹೊತ್ತು ತಡೆದುಕೊಂಡಿದ್ದ ಭಾವ ಮೊದಲು ಬುಸ್ಸೆಂದ. ಆಮೇಲೆ ಇಡೀ ಕೋಣೆ ಒಡೆದುಹೋಯಿತು. ಅಕ್ಕ ನಕ್ಕು ನಕ್ಕು ಗಾಜಿಗೆ ಆತುಕೊಂಡಳು, ಕಲೆಗಾರ ನೆಲದ ಮೇಲೆ ಉರುಳಿದ. ತಾತನ ಕೈಯ ಬಿಸ್ಕತ್ತು ಪುಡಿಯಾಯಿತು. ಇದು ಆಟ ಎಂದು ಹತ್ತಿಗೆ ಹೊಳೆಯಲು ಒಂದಿಷ್ಟು ಹೊತ್ತು ಹಿಡಿಯಿತು. ಹೊಳೆದದ್ದೇ, ತಿಂಗಳಿಡೀ ಮುಚ್ಚಿದ್ದ ಡ್ರಮ್ಮಿನ ಬಾಗಿಲು ಒಮ್ಮೆಗೇ ತೆರೆದಂತಾಗಿ, ನಗು ಹೊರಬಂತು. ಕಣ್ಣಲ್ಲಿ ನೀರು ಬರುವಂತೆ, ಕುರ್ಚಿಯನ್ನು ಹಿಡಿದುಕೊಂಡು, ಹತ್ತಿ ನಕ್ಕ.

ಬಾಗಿಲಲ್ಲಿ ಅಮ್ಮಾವ್ರು ಬಂದು ನಿಂತದ್ದನ್ನು ಮೊದಲು ಕಂಡವನು ತಾತ. ಅವನ ನಗು ನಿಂತಿತು. ಆಮೇಲೆ ಅಕ್ಕನದು. ಆಮೇಲೆ ಭಾವನದು.

ಅಮ್ಮಾವ್ರು ಒಳಗೆ ಬಂದರು. ಹತ್ತಿಯ ಎದುರಿನ ಕುರ್ಚಿಯನ್ನು ಸ್ವಲ್ಪ ಸರಿಪಡಿಸಿದರು.

"ಬನ್ನಿ," ಎಂದರು. "ಕೂತ್ಕೊಳ್ಳಿ."

ಹತ್ತಿ ಅವರನ್ನು ನೋಡಿದ, ಕುರ್ಚಿಯನ್ನು ನೋಡಿದ, ನಗು ಮತ್ತೆ ಉಕ್ಕಿತು. "ಅಮ್ಮಾವ್ರೇ! ನೀವೂನಾ!"

"ಟೀ ತಗೊಳ್ತೀರಾ? ಮನೇಲಿ ಎಲ್ಲಾ ಚೆನ್ನಾಗಿದ್ದಾರಾ?"

"ಬಿಸ್ಕತ್ತು! ಬಿಸ್ಕತ್ತು ಮರೆತ್ರಿ ಅಮ್ಮಾವ್ರೇ!" ಹತ್ತಿ ತೊಡೆ ತಟ್ಟಿಕೊಂಡ.

"ಬಟ್ಟೆ ಬೆಳ್ಳಗಿತ್ತು. ಮ್ಯಾನೇಜರು ಮೆಚ್ಚಿದ್ರು," ಎಂದರು ಅಮ್ಮಾವ್ರು, ತಣ್ಣಗೆ. "ಆದ್ರೆ ನಾವಿಬ್ಬರೂ ಬಹಳ ಹೊತ್ತು ಗೇಟಿನ ಹತ್ರಾನೇ ನಿಂತಿದ್ವಿ. ಮೇಲೆ ಆ ಸ್ಪೀಕರು. ಎಲ್ಲ ಕೇಳಿಸ್ತು. ಹಳೇ ಮೇಲ್ವಿಚಾರಕನನ್ನ ನಾನು ಮನೆಗೆ ಕಳಿಸಿದ್ದು ಇದೇ ಬೈಗುಳಕ್ಕೆ. ನಿಮ್ಮನ್ನ ಕರೆಸಿದ್ದು ನಿಮ್ಮ ಮೆತ್ತನೆ ಮಾತಿಗೆ."

"ಅಮ್ಮಾವ್ರೇ," ಕಲೆಗಾರ ನೆಲದಿಂದ ಎದ್ದು, ಮೊದಲ ಬಾರಿಗೆ ತನ್ನ ಸ್ವಂತ ದನಿಯಲ್ಲಿ ಮಾತಾಡಿದ. "ಕೂಗಿದ್ದು ನಾನು. ಸಾಹೇಬ್ರಲ್ಲ."

"ಬಾಯಿ ಯಾರದಾದ್ರೇನೋ," ಎಂದರು ಅಮ್ಮಾವ್ರು ಅವನ ಕಡೆ ತಿರುಗದೆ, "ಮೈಕು ಯಾರ ಕೋಣೆಯದು?"

ಅಮ್ಮಾವ್ರು ಹತ್ತಿಯ ಕಡೆ ಮೃದುವಾಗಿ ನೋಡಿದರು. "ನಿಮ್ಮಂಥೋರು ಸಿಗೋದು ಕಷ್ಟ. ನಾಳೆಯಿಂದ ಕೌಂಟರಿಗೇ ಬಂದ್ಬಿಡಿ."

ತಾತ ತಲೆ ತಗ್ಗಿಸಿದ. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಭಾವ ಬೆಳಗಿನಂತೆಯೇ ಗೋಡೆಗೆ ಬೆನ್ನು ಹಚ್ಚಿದ. ಹತ್ತಿಗೆ ಮಾತ್ರ ಅವರ ಗಂಭೀರ ಮುಖಗಳನ್ನು ನೋಡಿದಷ್ಟೂ ತಡೆಯಲಾಗಲಿಲ್ಲ. ಆಗಲೂ ಹೀಗೇ ಗಂಭೀರವಾಗಿ ನಿಂತಿದ್ದರಲ್ಲ ಕಳ್ಳರು! ಧಪ್ಪೆಂದು ಕುರ್ಚಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, "ಕಲೆಗಾರ, ನೋಡಿ ಕಲ್ತ್ಕೋ!" ಎಂದ. "ಅಭಿನಯ ಅಂದ್ರೆ ಇದು! ಸ್ವಲ್ಪಾನೂ ನಗ್ಲಿಲ್ಲ ನೋಡು!"

ಕಲೆಗಾರ ಕೊನೆಯ ಬೈಗುಳ ಹಂಚಿದ ಮೇಲೆ ಮೈಕನ್ನು ಆರಿಸುವುದನ್ನು ಮರೆತಿದ್ದ. ತಿಂಗಳಿಡೀ ಪಕ್ಕದವರಿಗೂ ಕೇಳಿಸದಿದ್ದ ಹತ್ತಿಯ ದನಿ ಈಗ ಗೇಟಿನ ಮೇಲಿನ ಕಹಳೆಯಿಂದ ಹೊರಟು, ಬೀದಿ ದಾಟಿ, ಆಚೆ ಬೀದಿಯ ತನಕ ಕೇಳಿಸುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, ಯಾರೋ ಪುಣ್ಯಾತ್ಮನಿಗೆ ಇವತ್ತು ದೊಡ್ಡ ಕೆಲಸ ಸಿಕ್ಕಿರಬೇಕು ಎಂದುಕೊಂಡು, ತಾವೂ ಸ್ವಲ್ಪ ನಕ್ಕು ಮುಂದೆ ಹೋದರು.